ಕೆಂಪರೆ ಹಾಲ್ಟಿನ ಹನ್ನೊಂದು ಹಾಳೆ ಚರಿತ್ರೆ

ಸನ್ಮಾನದ ಶಾಲಿಗೆ ಒಂದು ವಾಸನೆ ಇದೆ. ಪ್ಲಾಸ್ಟಿಕ್ ಕವರಿನಿಂದ ಆಗಷ್ಟೇ ಬಿಡಿಸಿದ ಗಂಜಿ ಬಟ್ಟೆ, ಒರಟು ಜರಿ, ಅದರ ಮೇಲೆ ಬಾಡತೊಡಗಿದ ಸುಗಂಧರಾಜದ ಹಾರ. ಕಳೆದ ವಾರ ತಲ್ಲೂರಿನ ಒಂದು ಸಭಾಭವನದಲ್ಲಿ ನನಗೆ ಅಂಥದೊಂದು ಶಾಲು ಹೊದಿಸಿದರು. ಮೂವತ್ತು ವರ್ಷ ಊರೂರಿನ ಕಾರ್ಯಕ್ರಮಗಳಲ್ಲಿ ಮೈಕ್ ಹಿಡಿದು ನಿರೂಪಣೆ ಮಾಡಿದ್ದಕ್ಕಂತೆ. ನಿರೂಪಕನಿಗೇ ಸನ್ಮಾನ ಮಾಡುವುದೆಂದರೆ ಅಡಿಗೆಭಟ್ಟನನ್ನು ಮೊದಲ ಪಂಕ್ತಿಗೆ ಕೂರಿಸಿದ ಹಾಗೆ, ಅಪರೂಪ. ಖುಷಿಯಾಗಬೇಕಿತ್ತು. ಆದರೆ ಶಾಲು ಹೆಗಲಿಗೆ ಬಿದ್ದು ಆ ವಾಸನೆ ಮೂಗಿಗೆ ಹೊಡೆದ ಕೂಡಲೇ ನಾನು ತಲ್ಲೂರಿನಲ್ಲಿರಲಿಲ್ಲ. ಕೆಂಪರೆ ಹಾಲ್ಟಿನಲ್ಲಿದ್ದೆ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ.

ಕೆಂಪರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಬಿಜೂರಿನಿಂದ ಮೂಡುದಿಕ್ಕಿಗೆ, ಹೆದ್ದಾರಿ ಬಿಟ್ಟು ಒಳಗೆ ನಾಲ್ಕು ಕಿಲೋಮೀಟರು. ಹೆಸರೇ ಹೇಳುವ ಹಾಗೆ ಊರೆಲ್ಲ ಕೆಂಪು ಪಾರೆ, ಬರೀ ಬಂಡೆ. ಮನೆ ಕಟ್ಟುವ ಮುರಕಲ್ಲು ಅಲ್ಲಿಂದಲೇ ಲಾರಿ ಹತ್ತುತ್ತದೆ. ಮೊದಲು ಕೈಯಲ್ಲಿ ಕಡಿಯುತ್ತಿದ್ದರು, ಈಗ ಮೆಷಿನ್ನು ಬಂದಿದೆ. ಕಡಿದೂ ಕಡಿದೂ ಊರೇ ಒಂದು ಗುಂಡಿಯಾಗಿದೆ. ಗುಂಡಿಯ ಅಂಚಿನಲ್ಲಿ ತಗಡಿನ ಶೆಡ್ಡುಗಳು, ಶೆಡ್ಡುಗಳಲ್ಲಿ ಬಾಗಲಕೋಟೆ, ಕೊಪ್ಪಳ ಕಡೆಯಿಂದ ಬಂದ ಕೆಲಸದವರು. ಬೇಸಗೆಯಲ್ಲಿ ಅಲ್ಲಿ ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ ಆಗುತ್ತದೆ. ಸನ್ಯಾಸಕ್ಕೆ ಬೇರೆ ಖರ್ಚು ಇಲ್ಲ ಎಂದು ನಾವು ನಗುವುದಿತ್ತು.

ಆ ಗುಂಡಿಗಳ ನಡುವೆ ಒಂದು ಹಾಲ್ಟ್. ಸ್ಟೇಷನ್ ಅಂದರೆ ದೊಡ್ಡ ಮಾತಾಯಿತು. ಮುರಕಲ್ಲಿನ ಒಂದು ಕೋಣೆ, ಒಂದು ಟಿಕೆಟ್ ಕಿಂಡಿ, ಎರಡು ಸಿಮೆಂಟ್ ಬೆಂಚು, ಮೂರು ಭಾಷೆಯ ಹಳದಿ ಬೋರ್ಡು. ನಾನು ಅಲ್ಲಿಯ ಹಾಲ್ಟ್ ಏಜೆಂಟ್. ರೈಲ್ವೆಯ ನೌಕರನಲ್ಲ, ದೊಡ್ಡ ಸ್ಟೇಷನ್ನಿನಿಂದ ಟಿಕೆಟಿನ ಕಟ್ಟು ತಂದು ಕಮಿಷನ್ನಿಗೆ ಮಾರುವವನು. ಟೊಪ್ಪಿ ಇಲ್ಲ, ಬಾವುಟ ಇಲ್ಲ. ಆದರೂ ಊರವರು "ಮಾಸ್ಟ್ರೇ" ಎಂದು ಕರೆಯುತ್ತಿದ್ದರು. ಮೊದಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ. ಬೆಳಿಗ್ಗೆ ಎಂಟೂ ಹತ್ತಕ್ಕೆ ಕುಂದಾಪುರದ ಕಡೆಗೆ ಹೋಗುವ ಪ್ಯಾಸೆಂಜರ್, ಮಧ್ಯಾಹ್ನ ಮೂರರ ಮೇಲೆ ವಾಪಸು ಬರುವ ಪ್ಯಾಸೆಂಜರ್, ಇವೆರಡೇ ನಮ್ಮವು. ನಿಲ್ಲುವುದು ಒಂದು ನಿಮಿಷ. ಉಳಿದವೆಲ್ಲ ನಮ್ಮ ಮುಖಕ್ಕೆ ಕೆಂಪು ಧೂಳು ಎರಚಿ ಹೋಗುವ ದೊಡ್ಡವರ ರೈಲುಗಳು.

ಹಾಲ್ಟ್ ಶುರುವಾದ ದಿನ ಮೊದಲ ಟಿಕೆಟ್ ತೆಗೆದುಕೊಂಡವಳು ಗಿರಿಜಕ್ಕ. ಒಣಮೀನು ಮಾರುವ ಹೆಂಗಸು. ಕಡಲ ಕಡೆಯಿಂದ ಕೆಂಪರೆಗೆ ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೂ ಬುಟ್ಟಿ ಕೆಳಗಿಡದವಳು. ಆವತ್ತು ಇಡೀ ಊರು ಕಿಂಡಿಯ ಮುಂದೆ ನೆರೆದಿತ್ತು, ಆದರೆ ರಾಹುಕಾಲ ಎಂದು ಯಾರೂ ಟಿಕೆಟ್ಟಿಗೆ ಕೈ ಚಾಚುತ್ತಿರಲಿಲ್ಲ. ಮೊದಲ ಟಿಕೆಟ್ ರಾಹುಕಾಲದಲ್ಲಿ ತೆಗೆದರೆ ಊರಿಗೆ ಕೇಡು ಎಂದು ಯಾರೋ ಹಬ್ಬಿಸಿದ್ದರು. ಗಿರಿಜಕ್ಕ ಬುಟ್ಟಿ ಹೊತ್ತುಕೊಂಡು ಜನರನ್ನು ತಳ್ಳಿಕೊಂಡು ಬಂದಳು.

"ಮಾಸ್ಟ್ರೇ, ಕುಂದಾಪ್ರಕ್ಕೆ ಒಂದ್ ಟಿಕೇಟ್ ಕೊಡಿ. ಸಂತಿಗೆ ಹೋಯ್ಕ್."

"ರಾಹುಕಾಲ ಅಂಬ್ರಲೆ ಗಿರಿಜಕ್ಕ?"

"ಒಣಮೀನಿಗೆ ಎಂತ ರಾಹುಕಾಲ ಮಾರಾಯ್ರೆ? ಅದ್ ಸತ್ತೇ ಸುಮಾರ್ ದಿನ ಆಯ್ತ್!"

ಇಡೀ ಪ್ಲಾಟ್‌ಫಾರಂ ನಕ್ಕಿತು. ಆ ನಗುವಿನಲ್ಲಿ ರಾಹುವೂ ಓಡಿಹೋದ. ಅವಳ ಹಿಂದೆ ಸಾಲು ನಿಂತಿತು. ಈ ಕತೆಯನ್ನು ನಾನು ಇಪ್ಪತ್ತೈದು ವರ್ಷ ನೂರು ಕಡೆ ಹೇಳಿದ್ದೇನೆ. ಒಮ್ಮೆಯೂ ನಗು ತಪ್ಪಿದ್ದಿಲ್ಲ. ಅದೇ ನನಗೆ ಮುಳುವಾಯಿತು.

ಲಾಕ್‌ಡೌನಿನಲ್ಲಿ ರೈಲು ನಿಂತವಲ್ಲ, ಮತ್ತೆ ಶುರುವಾದಾಗ ನಮ್ಮ ಹಾಲ್ಟಿನಲ್ಲಿ ನಿಲ್ಲಲಿಲ್ಲ. ಪ್ಯಾಸೆಂಜರಿನ ಹೆಸರು ಬದಲಾಯಿತು, ವೇಗ ಹೆಚ್ಚಿತು, ನಮ್ಮಂಥ ಊರುಗಳು ಪಟ್ಟಿಯಿಂದ ಉದುರಿದವು. ನಾನು ಕೋಣೆಗೆ ಬೀಗ ಹಾಕಿ ಕೀಲಿಕೈಯನ್ನು ಮನೆಯ ಮೊಳೆಗೆ ನೇತು ಹಾಕಿದೆ. ನನಗೇನು, ನಿರೂಪಣೆ ಇತ್ತು, ಹೇಗೋ ನಡೆಯುತ್ತಿತ್ತು. ಆದರೆ ಆ ಹೊತ್ತಿಗೇ ಗಿರಿಜಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಕುಂದಾಪುರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಅವಳ ಬಾಯಲ್ಲಿ ಅದು "ರಕ್ತ ತೊಳ್ಸುದ್". ಮಗಳು ಸರಸು ಗೇರುಬೀಜದ ಕಾರ್ಖಾನೆಗೆ ಹೋಗುವವಳು, ಬೆಳಿಗ್ಗೆ ಏಳಕ್ಕೇ ವ್ಯಾನು ಬರುತ್ತದೆ. ಅವಳು ರಜೆ ಮಾಡಿದರೆ ಒಲೆ ಉರಿಯುವುದಿಲ್ಲ. ಗಿರಿಜಕ್ಕ ಒಬ್ಬಳೇ ಹೋಗಬೇಕು, ಒಬ್ಬಳೇ ಬರಬೇಕು.

ಹೋಗುವಾಗ ಹೇಗೋ ಹೋಗಬಹುದು. ಬರುವಾಗಿನದೇ ಕಷ್ಟ. ನಾಲ್ಕು ಗಂಟೆ ಮೆಷಿನ್ನಿನ ಪಕ್ಕ ಮಲಗಿ ಎದ್ದವರಿಗೆ ಕಾಲು ನೆಲಕ್ಕೆ ಸಿಕ್ಕುವುದಿಲ್ಲ. ಬಸ್ಸಿನಲ್ಲಿ ಬಂದರೆ ಹೆದ್ದಾರಿಯಲ್ಲಿ ಇಳಿದು ನಾಲ್ಕು ಕಿಲೋಮೀಟರು, ಲಾರಿ ಓಡಾಡಿ ಕಿತ್ತುಹೋದ ಕಲ್ಲುಕೋರೆಯ ದಾರಿ. ಗುಂಡಿಗೆ ಹೆದರಿ ರಿಕ್ಷಾದವರು ಬರುತ್ತಿರಲಿಲ್ಲ. ರೈಲಾದರೆ ಹಾಲ್ಟಿನಿಂದ ಅವಳ ಮನೆಗೆ ನೂರು ಹೆಜ್ಜೆ. ಹಾಗಾಗಿ ನಮಗೆಲ್ಲ ಹಾಲ್ಟ್ ಬೇಕಾಗಿತ್ತು ಎನ್ನುವುದು ಒಂದು, ಅವಳಿಗೆ ಬೇಕಾಗಿತ್ತು ಎನ್ನುವುದು ಇನ್ನೊಂದು. ನಮಗೆ ಅದು ಊರಿನ ಮರ್ಯಾದೆ. ಅವಳಿಗೆ ಜೀವ.

ಅರ್ಜಿ ಕೊಟ್ಟೆವು. ಒಂದಲ್ಲ, ಹತ್ತು. ಕೊನೆಗೆ ಒಂದು ಚಳಿಗಾಲದಲ್ಲಿ, ಗೇರುಹೂ ಬಿಡುವ ಹೊತ್ತಿಗೆ ಉತ್ತರ ಬಂತು. ಒಂದು ತಿಂಗಳು ಪ್ರಯೋಗಕ್ಕೆ ರೈಲು ನಿಲ್ಲುತ್ತದೆ, ನಡುವೆ ಒಬ್ಬ ಅಧಿಕಾರಿ ಬಂದು ಎಷ್ಟು ಜನ ಹತ್ತುತ್ತಾರೆ ಎಂದು ಕಣ್ಣಾರೆ ನೋಡುತ್ತಾರೆ, ಆಮೇಲೆ ತೀರ್ಮಾನ. ನಾನು ಬೀಗ ತೆಗೆದು ಜೇಡನ ಬಲೆ ಗುಡಿಸಿದೆ. ಮೊದಲ ದಿನ ಮೊದಲ ಟಿಕೆಟ್ ಮತ್ತೆ ಗಿರಿಜಕ್ಕನದೇ. ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರಲ್ಲಿ ಆಸ್ಪತ್ರೆಯ ಫೈಲು. ಮುಖ ಊದಿಕೊಂಡಿತ್ತು. ಆದರೂ ಕಿಂಡಿಯಲ್ಲಿ ಬಗ್ಗಿ ನಕ್ಕಳು.

"ಈಗ ನಾನೇ ಒಣಮೀನ್ ಆಯ್ದೆ ಕಾಣಿ ಮಾಸ್ಟ್ರೇ. ನಂಗೂ ರಾಹುಕಾಲ ಇಲ್ಲೆ."

ಆ ತಿಂಗಳು ಟಿಕೆಟ್ಟು ಹೇಳಿಕೊಳ್ಳುವಷ್ಟು ಹೋಗುತ್ತಿರಲಿಲ್ಲ. ಎರಡು ವರ್ಷ ರೈಲಿಲ್ಲದೆ ಜನ ಬೈಕು, ಲಾರಿ ಎಂದು ದಾರಿ ಹುಡುಕಿಕೊಂಡಿದ್ದರು. ಆದರೆ ಸಂತೆಯ ದಿನ ಮಾತ್ರ ಹಾಗಲ್ಲ. ಆ ದಿನ ಕೋರೆಗೆ ರಜೆ. ಶೆಡ್ಡಿನವರು ಹೆಂಡತಿ ಮಕ್ಕಳ ಜೊತೆ ಕುಂದಾಪುರದ ಸಂತೆಗೆ ಹೊರಡುತ್ತಾರೆ, ಪ್ಲಾಟ್‌ಫಾರಂ ತುಂಬುತ್ತದೆ. ಅಧಿಕಾರಿ ಬರುವ ದಿನ ಇಂಥದು ಎಂದು ಫೋನು ಬಂದಾಗ ನಾನು ಕೂತಲ್ಲಿಂದ ಎದ್ದು ಕೈ ಮುಗಿದೆ. ಸಂತೆಯ ದಿನ! ಅವರು ಬಂದು ಒಂದು ಬೆಂಚಿನ ಮೇಲೆ ಸುಮ್ಮನೆ ಕೂತು ನೋಡಿದರೆ ಸಾಕಾಗಿತ್ತು. ನಾವು ಏನೂ ಮಾಡಬೇಕಾಗಿರಲಿಲ್ಲ. ಏನೂ ಮಾಡದೆ ಇರುವುದು ನಮ್ಮ ಕಡೆಯವರಿಗೆ ಬರುವುದಿಲ್ಲ ಎನ್ನುವುದೇ ತೊಂದರೆ.

ವಿಠಲ ಶೆಟ್ರು ಮುಂಬಯಿಯಲ್ಲಿ ಹೋಟೆಲು ಇಟ್ಟು ಗಟ್ಟಿಯಾಗಿ, ಈಗ ಆರು ತಿಂಗಳು ಊರಲ್ಲಿರುವವರು. ಹಾಲ್ಟ್ ಉಳಿಸುವ ಹೋರಾಟ ಸಮಿತಿಗೆ ಅವರೇ ಅಧ್ಯಕ್ಷರು. ಕೆಟ್ಟ ಮನುಷ್ಯರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಿರಿಜಕ್ಕನ ಮಾತ್ರೆಗೆ ಎಷ್ಟೋ ಸಲ ಅವರೇ ದುಡ್ಡು ಕೊಟ್ಟದ್ದುಂಟು. ಸುದ್ದಿ ಕೇಳಿದವರೇ ನನ್ನನ್ನು ಮನೆಗೆ ಕರೆಸಿದರು.

"ಮಾಸ್ಟ್ರೇ, ಅಷ್ಟ್ ದೊಡ್ ಸಾಹೇಬ್ರ್ ನಮ್ಮೂರಿಗ್ ಬತ್ರ್ ಅಂದ್ರೆ ಬರೀ ಕೈಯಗೆ ಕಳ್ಸುಕ್ ಆತ್ತಾ? ಒಂದ್ ಶಾಲ್, ಒಂದ್ ಹಾರ, ಒಂದ್ ನಾಲ್ಕ್ ಮಾತ್. ಊರ್ ಮರ್ಯಾದಿ ಒಂದ್ ಇತ್ತಲೆ."

"ರೈಲ್ ಬಪ್ಪು ಹೊತ್ತಲೆ ಶೆಟ್ರೇ, ಗಡಿಬಿಡಿ ಆತ್ತ್."

"ಟೆನ್ಶನ್ ಲೇನೇಕಾ ನಹಿ. ಏಳಕ್ಕೆ ಶುರು ಮಾಡ್ರೆ ಏಳ್ಮುಕ್ಕಾಲಕ್ಕೆ ಮುಗಿತ್ತ್. ಮತ್ತೆ, ನಿಮ್ ನಿರೂಪಣೆ. ಆ ಹಾಲ್ಟಿನ್ ಚರಿತ್ರೆ ಪೂರಾ ಬರ್ದ್ ಓದಿ. ನಿಮ್ಗ್ ಬಿಟ್ರೆ ಯಾರಿಗ್ ಗೊತ್ತಿತ್ತ್?"

ಅಲ್ಲಿಗೆ ನಾನು ಬಿದ್ದೆ. ಮೂರು ದಿನ ಕೂತು ಬರೆದೆ. ಹನ್ನೊಂದು ಹಾಳೆ. ಗುಡ್ಡ ಸೀಳಿ ಹಳಿ ಹಾಕಿದ್ದು, ಸೀಳಿದ ಕಲ್ಲಿನಿಂದಲೇ ಕೋಣೆ ಕಟ್ಟಿದ್ದು, ಹಾಲ್ಟಿಗೆ ಯಾವ ಊರಿನ ಹೆಸರಿಡಬೇಕು ಎಂದು ಪಕ್ಕದ ಊರಿನವರೊಂದಿಗೆ ನಾವು ಮಳೆಗಾಲವಿಡೀ ಮಾತು ಬಿಟ್ಟದ್ದು, ಶೆಟ್ರ ತಂದೆ ಜಾಗ "ದಾನ" ಕೊಟ್ಟದ್ದು. ಪರಿಹಾರ ತೆಗೆದುಕೊಂಡು ಕೊಟ್ಟ ಜಾಗ ಎನ್ನುವುದು ಊರಿಗೆಲ್ಲ ಗೊತ್ತು, ಚರಿತ್ರೆಗೆ ಗೊತ್ತಾಗಬೇಕಾಗಿಲ್ಲವಲ್ಲ. ಐದನೆಯ ಹಾಳೆಯಲ್ಲಿ ಗಿರಿಜಕ್ಕನ ರಾಹುಕಾಲದ ಕತೆ. ಅದನ್ನು ಬರೆಯುವಾಗ ಇನ್ನೊಂದು ಯೋಚನೆ ಹೊಳೆಯಿತು. ಹೇಗೂ ಶಾಲು ತರಿಸುತ್ತಾರೆ, ಪ್ರಥಮ ಪ್ರಯಾಣಿಕಳಾದ ಗಿರಿಜಕ್ಕನಿಗೂ ಒಂದು ಹೊದಿಸಿದರೆ ಹೇಗೆ? ಸಾಹೇಬರ ಕಣ್ಣಿಗೆ ಅವಳು ಬಿದ್ದರೆ ಅವರ ಮನಸ್ಸು ಕರಗೀತು. ಶೆಟ್ರು ಚಪ್ಪಾಳೆ ತಟ್ಟಿದರು. ಇದು ನನ್ನದೇ ಯೋಚನೆ, ಬೇರೆ ಯಾರದೂ ಅಲ್ಲ. ಕೇಳಿದರೆ ಆಸ್ಪತ್ರೆಯ ದಿನ ಎಂದು ಗಿರಿಜಕ್ಕ ಹಿಂಜರಿದಳು. "ರೈಲ್ ಬಪ್ಪುದ್ರೊಳ್ಗೆ ಮುಗಿತ್ತ್ ಮಾರಾಯ್ತಿ, ಸ್ಟೇಜಿಂದ ಇಳ್ದ್ ಹಂಗೇ ಹತ್ತುದ್" ಎಂದು ನಾನೇ ಒಪ್ಪಿಸಿದೆ.

ಆ ದಿನ ಬೆಳಿಗ್ಗೆ ಆರೂವರೆಗೆ ನಾನು ಬಂದಾಗ ಹನಮಂತ ಕಿಂಡಿಯ ಹತ್ತಿರ ನಿಂತಿದ್ದ. ಶೆಡ್ಡಿನವರ ಮುಖಂಡ, ಕಲ್ಲಿನ ಲಾರಿ ಓಡಿಸುವವನು. ಹಿಂದೆ ಹೆಂಗಸರು, ಮಕ್ಕಳು, ಎಣ್ಣೆ ಹಚ್ಚಿ ಬಾಚಿದ ತಲೆಗಳು, ಮಡಚಿದ ಚೀಲಗಳು.

"ಮಾಸ್ತರ್ರ, ನಲವತ್ತು ಮಂದಿ ಅದೀವಿ. ಟಿಕೀಟು ಈಗ ಕೊಟ್ಬಿಡ್ರಿ, ಆಮ್ಯಾಲ ಗದ್ಲ ಆಕ್ಕೈತಿ."

"ತಡಿ ಮಾರಾಯ. ಕಾರ್ಯಕ್ರಮ ಮುಗಿಲಿ, ಕೊಡ್ತೆ."

ನನ್ನ ಕೈಯಲ್ಲಿ ಹನ್ನೊಂದು ಹಾಳೆ ಇತ್ತು, ಮೈಮೇಲೆ ಇಸ್ತ್ರಿ ಹಾಕಿದ ಜುಬ್ಬಾ. ಟಿಕೆಟ್ಟಿಗೆ ಸೀಲು ಹೊಡೆದು ಶಾಯಿ ಮಾಡಿಕೊಳ್ಳಲು ಮನಸ್ಸಾಗಲಿಲ್ಲ. ಕೀಲಿಕೈ ಜುಬ್ಬಾದ ಕಿಸೆಯಲ್ಲೇ ಉಳಿಯಿತು. ಅಷ್ಟರಲ್ಲಿ ಸಮಿತಿಯವರು ಹನಮಂತನ ಕಡೆಯ ಗಂಡಸರನ್ನು ಶಾಮಿಯಾನ ಕಟ್ಟಲು, ಕುರ್ಚಿ ಹೊರಲು ಕರೆದುಕೊಂಡು ಹೋದರು. ಬಂದ ಪ್ರಯಾಣಿಕರನ್ನು ನಾವು ಕೂಲಿಗಳನ್ನಾಗಿ ಮಾಡಿದೆವು.

ಸಾಹೇಬರು ಬೈಂದೂರಿನಿಂದ ಜೀಪಿನಲ್ಲಿ ಏಳಕ್ಕೆ ಸರಿಯಾಗಿ ಬಂದರು. ಸಣಕಲು ಮನುಷ್ಯ, ಕೈಯಲ್ಲೊಂದು ಡೈರಿ. ಬೆಂಚಿನ ಮೇಲೆ ಕೂರಲು ಹೋದವರನ್ನು ಎಬ್ಬಿಸಿ ವೇದಿಕೆಗೆ ಕರೆದೊಯ್ದೆವು. ಶೆಟ್ರು ಬಂದದ್ದು ಏಳೂವರೆಗೆ, ಹಾರ ತರಲು ಹೋದ ಕಾರು ತಡವಾಗಿ. ಪ್ರಾರ್ಥನೆ, ಸ್ವಾಗತ, ದೀಪ. ಗಾಳಿಗೆ ದೀಪ ಮೂರು ಸಲ ಆರಿತು. ಶೆಟ್ರ ಪ್ರಾಸ್ತಾವಿಕ ಹದಿನೈದು ನಿಮಿಷ. ಸಾಹೇಬರಿಗೂ ಗಿರಿಜಕ್ಕನಿಗೂ ಶಾಲು ಹೊದಿಸಿ ಪೇಟ ಇಡುವಾಗಲೇ ಎಂಟಾಗಿತ್ತು. ಸಾಹೇಬರು ವಾಚು ನೋಡಿಕೊಂಡರು. ನಾನೂ ನೋಡಿಕೊಂಡೆ. ನನ್ನ ಹತ್ತಿರ ಬಂದು ಸಮಿತಿಯ ಒಬ್ಬರು ಕಿವಿಯಲ್ಲಿ "ಸಾಹೇಬ್ರೇ ಸ್ಟೇಜಿನ್ ಮೇಲ್ ಇದ್ರ್. ಅವ್ರನ್ ಬಿಟ್ಟ್ ರೈಲ್ ಎಲ್ಲಿಗ್ ಹೋತ್ತ್?" ಎಂದರು.

ಊರವರು ಹಾಗೆ ನಂಬಿದ್ದರಲ್ಲಿ ಆಶ್ಚರ್ಯ ಇಲ್ಲ. ನಮ್ಮ ಕಡೆಯ ಬಸ್ಸುಗಳು ಹಾಗೆಯೇ. ಕೈ ತೋರಿಸಿದಲ್ಲಿ ನಿಲ್ಲುತ್ತವೆ. ಮನೆಯ ಹೆಂಗಸು ಸೀರೆ ಉಡುತ್ತಿದ್ದಾಳೆ ಎಂದರೆ ಕಂಡಕ್ಟರು ಬೀಡಿ ಹಚ್ಚಿ ಕಾಯುತ್ತಾನೆ. ಮಾಲಕರು ಒಳಗೆ ಚಾ ಕುಡಿಯುತ್ತಿದ್ದರಂತೂ ಕೇಳುವುದೇ ಬೇಡ. ರೈಲೂ ಹಾಗೇ ಎಂದು ಅವರು ತಿಳಿದರು. ಆದರೆ ನಾನು? ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಕಿಂಡಿಯಲ್ಲಿ ಕೂತವನು. ಒಂದು ನಿಮಿಷ ಅಂದರೆ ಒಂದೇ ನಿಮಿಷ ಎಂದು ಆ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಮೈಕ್ ಬಿಡಲಿಲ್ಲ.

ಚರಿತ್ರೆ ಓದತೊಡಗಿದೆ. ಮೊದಲ ನಾಲ್ಕು ಹಾಳೆಗೆ ಜನ ಆಕಳಿಸಿದರು. ಐದನೆಯದಕ್ಕೆ ಬಂದೆ. ರಾಹುಕಾಲ, ಒಣಮೀನು, ಗಿರಿಜಕ್ಕ. ಸಾಹೇಬರು ಕೂಡ ಕಿವಿ ನಿಮಿರಿಸಿದರು. ಬಡಗಣ ಗುಡ್ಡದ ಸೀಳಿನಲ್ಲಿ ರೈಲಿನ ಕೂಗು ಕೇಳಿತು. ನನಗೂ ಕೇಳಿತು. ಆದರೆ ಕತೆ ನಗುವಿಗೆ ಇನ್ನೆರಡೇ ಸಾಲು ದೂರದಲ್ಲಿತ್ತು. ಮಾತುಗಾರನಿಗೆ ಅದೆಂಥ ಹೊತ್ತು ಎನ್ನುವುದು ಮಾತುಗಾರನಿಗೇ ಗೊತ್ತು. ರೈಲು ಬಂದು ನಿಂತಿತು. ನಾನು ದನಿ ಏರಿಸಿ "ಅದ್ ಸತ್ತೇ ಸುಮಾರ್ ದಿನ ಆಯ್ತ್" ಎಂದೆ. ಜನ ಹೋ ಎಂದು ನಕ್ಕರು. ಇಬ್ಬರು ಎಂಜಿನ್ನಿನ ಕಡೆಗೆ ಹಾರ ಹಿಡಿದುಕೊಂಡು ಓಡಿದರು, ಹತ್ತಾರು ಜನ ಅದರ ಫೋಟೋ ತೆಗೆಯಲು ಅವರ ಹಿಂದೆ.

ಆಗಲೇ ಗಿರಿಜಕ್ಕ ಕುರ್ಚಿಯಿಂದ ಎದ್ದಳು. ಪೂರ್ತಿ ಅಲ್ಲ, ಅರ್ಧ. ಒಂದು ಕೈ ಕುರ್ಚಿಯ ತೋಳಿನ ಮೇಲೆ, ಇನ್ನೊಂದರಲ್ಲಿ ಫೈಲಿನ ಚೀಲ. ತಲೆಯ ಮೇಲಿನ ಪೇಟ ವಾಲಿತ್ತು. ನನ್ನ ಕಡೆ ನೋಡಿದಳು, ಹೋಗಲೋ ಎಂದು ಕೇಳುವ ಹಾಗೆ. ನಗು ಇನ್ನೂ ಇಳಿದಿರಲಿಲ್ಲ. ಮೂವತ್ತು ವರ್ಷದ ಅಭ್ಯಾಸ ನನ್ನ ಬಾಯಿಂದ ತಾನಾಗಿಯೇ ಬಂತು.

"ಸನ್ಮಾನಿತರು ದಯವಿಟ್ಟು ಆಸೀನರಾಗಿರಬೇಕು."

ಜನ ಇನ್ನೊಮ್ಮೆ ನಕ್ಕರು. ಗಿರಿಜಕ್ಕ ಕೂತಳು. ರೈಲು ಕೂಗಿ ಹೊರಟಿತು. ಹಿಂದಿನಿಂದ ಹನಮಂತ ಕುರ್ಚಿ ಬಿಸಾಡಿ ಓಡಿಬಂದು "ಏ ಮಾಸ್ತರ್ರ, ಗಾಡಿ ಹೊಂಟತಲ್ರೀ!" ಎಂದು ಕೂಗಿದ. ಅವನ ಕಡೆಯ ಹೆಂಗಸರು ಬೀಗ ಹಾಕಿದ ಕಿಂಡಿಯ ಮುಂದೆ ಸಾಲಾಗಿ ನಿಂತೇ ಇದ್ದರು. ಟಿಕೆಟ್ಟಿಲ್ಲದೆ ಹತ್ತುವ ಧೈರ್ಯ ಅವರಿಗಿರಲಿಲ್ಲ. ನಮ್ಮೂರಿನ ರೈಲಿಗೆ ಆ ದಿನ ಹತ್ತಿದ್ದು ಒಂದು ಸುಗಂಧರಾಜದ ಹಾರ ಮಾತ್ರ.

ಸಾಹೇಬರು ಡೈರಿಯಲ್ಲಿ ಏನೋ ಒಂದು ಸಾಲು ಬರೆದುಕೊಂಡರು. ನಾನು ಮೈಕ್ ಅಲ್ಲೇ ಬಿಟ್ಟು ಅವರ ಹತ್ತಿರ ಓಡಿದೆ. "ಸಾರ್, ಇವರೆಲ್ಲ ಹೋಗುವವರೇ ಸಾರ್. ಸಂತೆಗೆ ಹೊರಟವರು. ಈ ಅಮ್ಮ ಆಸ್ಪತ್ರೆಗೆ ಹೊರಟವರು."

"ಇರಬಹುದು" ಎಂದರು ಅವರು, ಸಿಟ್ಟಿಲ್ಲದೆ. "ಆದರೆ ಯಾರೂ ಹೋಗಲಿಲ್ಲವಲ್ಲ. ನಾನು ಕಂಡದ್ದನ್ನೇ ಬರೆಯಬೇಕು." ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟರು. ಗೋಳಿಬಜೆ, ಶಿರಾ ಮುಟ್ಟಲಿಲ್ಲ. ಕಾಫಿ ಮಾತ್ರ ಕುಡಿದು ಹೊರಟರು. ಹೋಗುವಾಗ ಕಾರ್ಯಕ್ರಮ ಚೆನ್ನಾಗಿತ್ತು ಎಂದು ನನಗೇ ಹೇಳಿದರು.

ಶೆಟ್ರು ಗಿರಿಜಕ್ಕನನ್ನು ತಮ್ಮ ಕಾರಿನಲ್ಲಿ ಕಳಿಸಿದರು. ತಲುಪುವಷ್ಟರಲ್ಲಿ ಅವಳ ಸರದಿಯ ಹಾಸಿಗೆಗೆ ಬೇರೆಯವರು ಬಂದಿದ್ದರು. ಮರುದಿನ ಬರಲು ಹೇಳಿದರಂತೆ. ಮರುದಿನ ಅವಳು ರೈಲಿಗೇ ಹೋದಳು, ಟಿಕೆಟ್ ನಾನೇ ಕೊಟ್ಟೆ. ನನ್ನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು. "ಬಿಡಿ ಮಾಸ್ಟ್ರೇ. ಶಾಲ್ ಒಳ್ಳೇದಿತ್ತ್. ಆಸ್ಪತ್ರಿ ಕೋಣಿಯಗೆ ಎ.ಸಿ. ಚಳಿ, ಹೊದ್ಕಂಬುಕೆ ಆತ್ತ್."

ತಿಂಗಳು ಮುಗಿಯಿತು. ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿತು. ನನ್ನ ಹನ್ನೊಂದು ಹಾಳೆಗಿಂತ ಅದನ್ನು ಚೆನ್ನಾಗಿ ಬರೆದಿದ್ದರು, ಮೂರೇ ಸಾಲು. ಪ್ರಯಾಣಿಕರ ಕೊರತೆಯಿಂದ ನಿಲುಗಡೆ ಮುಂದುವರಿಯುವುದಿಲ್ಲ. ಸಮಿತಿ ಸಭೆ ಸೇರಿ ಖಂಡನಾ ನಿರ್ಣಯ ಮಾಡಿತು. ಅದರ ನಿರೂಪಣೆಗೂ ನನ್ನನ್ನೇ ಕರೆದರು, ನಾನು ಹೋಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬೇಸಗೆಯಲ್ಲಿ ಹೇಗೋ ನಡೆಯಿತು. ಹನಮಂತ ತನ್ನ ಕಲ್ಲಿನ ಲಾರಿಯಲ್ಲಿ ಗಿರಿಜಕ್ಕನನ್ನು ಹೆದ್ದಾರಿಗೆ ಬಿಡುತ್ತಿದ್ದ, ಮಧ್ಯಾಹ್ನ ಕಾದು ಕರೆತರುತ್ತಿದ್ದ. ಲಾರಿಯ ಮೆಟ್ಟಿಲು ಎತ್ತರ. ಒಂದು ಮುರಕಲ್ಲನ್ನು ನೆಲಕ್ಕಿಟ್ಟು, ಅದರ ಮೇಲೆ ಕಾಲಿಡಿಸಿ, "ಹತ್ತಬೇ ಯವ್ವಾ, ಸಾವಕಾಶ" ಎಂದು ಹಿಂದಿನಿಂದ ಆನಿಸುತ್ತಿದ್ದ. ನಾವು ಟಿಕೆಟ್ ಕೊಡದೆ ನಿಲ್ಲಿಸಿದ್ದವನು. ಮಳೆ ಹಿಡಿಯಿತು. ಗುಂಡಿಗಳಲ್ಲಿ ಕೆಂಪು ನೀರು ತುಂಬಿ ಕೋರೆ ನಿಂತಿತು. ಹನಮಂತ ಮತ್ತು ಅವನ ಜನ ಪ್ರತಿವರ್ಷದಂತೆ ಊರಿಗೆ ಹೋದರು. ಲಾರಿಯೂ ಇಲ್ಲವಾಯಿತು.

ಆಮೇಲೆ ನನ್ನ ಸ್ಕೂಟರು. ಹೋಗುವಾಗ ನನ್ನ ಸೊಂಟ ಹಿಡಿದು ಕೂರುತ್ತಿದ್ದಳು. ಬರುವಾಗ ಹಿಡಿಯಲು ಕೈಗೆ ಬಲ ಇರುತ್ತಿರಲಿಲ್ಲ. ಅವಳನ್ನು ನನ್ನ ಬೆನ್ನಿಗೆ ಅದೇ ಶಾಲಿನಿಂದ ಕಟ್ಟಿಕೊಂಡು ಬರುತ್ತಿದ್ದೆ. ಮಳೆಗೆ ನೆನೆದ ಶಾಲಿನ ವಾಸನೆ ಆಗ ನನ್ನ ಮೂಗಿಗೆ ಕೂತದ್ದು ಇನ್ನೂ ಹೋಗಿಲ್ಲ. ಒಂದು ದಿನ ಕೋರೆಯ ತಿರುವಿನಲ್ಲಿ ಚಕ್ರ ಜಾರಿ ಇಬ್ಬರೂ ಕೆಸರಿಗೆ ಬಿದ್ದೆವು. ಪೆಟ್ಟಾಗಲಿಲ್ಲ. ಆದರೆ ಆ ದಿನದ ನಂತರ ಅವಳು ಸ್ಕೂಟರ್ ಹತ್ತಲು ಒಪ್ಪಲಿಲ್ಲ.

"ನಿಮ್ಗೂ ವಯಸ್ಸಾಯ್ತ್ ಮಾಸ್ಟ್ರೇ. ವಾರಕ್ಕೆ ಎರಡ್ ಸಲ ತೊಳ್ಸ್ರೆ ಸಾಕ್. ಸರಸು ರಜಿ ಮಾಡಿ ಕರ್ಕಂಡ್ ಹೋತ್ಲ್."

ಎರಡು ಒಂದಾಯಿತು. ಬೆಳಿಗ್ಗೆ ಎಂಟೂ ಹತ್ತಕ್ಕೆ ರೈಲು ಕೂಗಿಕೊಂಡು ಹೋಗುವಾಗ ಅವಳು ಜಗಲಿಯ ಕಂಬ ಹಿಡಿದು ನಿಂತು ನೋಡುತ್ತಿದ್ದಳು. ಒಮ್ಮೆ ನಾನೂ ಪಕ್ಕದಲ್ಲಿದ್ದೆ. ಕೇಳಬಾರದಿತ್ತು, ಕೇಳಿದೆ. ಆ ದಿನ ನಾನು ಹಾಗೆ ಹೇಳಿದೆ ಸರಿ, ನೀನು ಎದ್ದು ಹೋಗಿಬಿಡಬೇಕಿತ್ತಲ್ಲ ಗಿರಿಜಕ್ಕ, ಎಂದೆ. ತಪ್ಪನ್ನು ಅವಳ ಮೇಲೆ ಒಂದಿಷ್ಟಾದರೂ ಹೊರಿಸಿದರೆ ನನಗೆ ನಿದ್ದೆ ಬಂದೀತು ಎಂಬ ಆಸೆ.

ಅವಳು ರೈಲಿನ ಕೊನೆಯ ಡಬ್ಬಿ ಮರೆಯಾಗುವವರೆಗೆ ನೋಡಿದಳು. "ಹೆಂಗೆ ಏಳುದ್ ಮಾಸ್ಟ್ರೇ? ಜನ್ಮದಗೆ ಒಂದ್ ಸಲ ಶಾಲ್ ಹೊದ್ಸಿ ಕುರ್ಚಿ ಮೇಲ್ ಕೂರ್ಸಿರ್. ಎದ್ರೆ, ಮೀನ್ ಮಾರುವಳಿಗ್ ಎಂತ ಮರ್ಯಾದಿ ಗೊತ್ತಿತ್ತ್ ಅಂತ್ರ್ ಅಲ್ದಾ?"

ಆಸಾಡಿ ತಿಂಗಳ ಒಂದು ಬೆಳಿಗ್ಗೆ, ಮಳೆ ಸ್ವಲ್ಪ ಬಿಟ್ಟಿದ್ದಾಗ, ಅವಳು ತೀರಿಕೊಂಡಳು. ಮೈಯಲ್ಲಿ ತುಂಬಿದ ನೀರು ಎದೆಗೇರಿತ್ತು. ಹದಿಮೂರನೇ ದಿನ ಕಳೆದ ಮೇಲೆ ಸರಸು ನಮ್ಮ ಮನೆಗೆ ಬಂದಳು. ಅಂಗಳದಲ್ಲೇ ನಿಂತು ಒಂದು ಪೊಟ್ಟಣ ಕೈಗೆ ಕೊಟ್ಟಳು. ಒಳಗೆ ಆ ದಿನದ ಸ್ಮರಣಿಕೆ. ಹೊಳೆಯುವ ಫಲಕದ ಮೇಲೆ ರೈಲಿನ ಚಿತ್ರ, ಕೆಳಗೆ ಚಿನ್ನದ ಬಣ್ಣ: ಕೆಂಪರೆ ಹಾಲ್ಟಿನ ಪ್ರಥಮ ಪ್ರಯಾಣಿಕರಾದ ಶ್ರೀಮತಿ ಗಿರಿಜಾ ಇವರಿಗೆ ಗೌರವಪೂರ್ವಕ. ಒಕ್ಕಣೆ ನಾನೇ ಬರೆದುಕೊಟ್ಟದ್ದು.

"ಇದ್ ನಮ್ ಮನಿಯಗೆ ಬ್ಯಾಡ ಮಾಸ್ಟ್ರೇ. ನೀವೇ ಇಟ್ಕಣಿ" ಎಂದಳು. ಕೂರು ಎಂದೆ. ಕೂರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೈಯಲೂ ಇಲ್ಲ.

ಆ ಫಲಕ ಇನ್ನೂ ನನ್ನ ಕಪಾಟಿನಲ್ಲಿದೆ, ಹನ್ನೊಂದು ಹಾಳೆಯ ಮೇಲೆ. ಹಾಲ್ಟಿನ ಕೋಣೆಯ ಮಾಡು ಕುಸಿದಿದೆ. ಗೋಡೆಯ ಕಲ್ಲನ್ನು ಯಾರೋ ಒಂದೊಂದಾಗಿ ಕಿತ್ತುಕೊಂಡು ಹೋಗುತ್ತಿದ್ದಾರೆ, ಕಲ್ಲಿನ ಊರಿನಲ್ಲೂ ಕಲ್ಲು ಕದಿಯುವವರಿದ್ದಾರೆ. ನಾನು ನಿರೂಪಣೆ ಬಿಟ್ಟೆನೇ ಎಂದರೆ ಬಿಡಲಿಲ್ಲ. ಆರು ತಿಂಗಳು ಬಿಟ್ಟೆ, ಆಮೇಲೆ ಯಾರೋ ಕರೆದರು, ಹೋದೆ. ಹೊಟ್ಟೆಪಾಡು ಎಂದು ಹೇಳಿಕೊಳ್ಳುತ್ತೇನೆ. ಪೂರ್ತಿ ನಿಜ ಅಲ್ಲ. ಮೈಕಿನ ರುಚಿ ಹತ್ತಿದ ಬಾಯಿ ಇದು.

ತಲ್ಲೂರಿಗೆ ವಾಪಸು ಬರುತ್ತೇನೆ. ಶಾಲಿನ ವಾಸನೆ ಸಹಿಸಲಾಗದೆ, ಒಂದು ಗಳಿಗೆ ಹೊರಗೆ ಹೋಗಿ ಗಾಳಿ ತೆಗೆದುಕೊಳ್ಳೋಣ ಎಂದು ನಾನು ಕುರ್ಚಿಯಿಂದ ಎದ್ದೆ. ಅಭಿನಂದನೆಯ ಮಾತು ಇನ್ನೂ ನಡೆಯುತ್ತಿತ್ತು. ಮೈಕಿನ ಮುಂದಿದ್ದವಳು ಎಳೆಯ ಹುಡುಗಿ. ಹಿಂದೊಮ್ಮೆ ಯಾವುದೋ ಶಿಬಿರದಲ್ಲಿ ನಿರೂಪಣೆ ಹೇಗೆ ಮಾಡಬೇಕು ಎಂದು ನನ್ನಿಂದಲೇ ಪಾಠ ಹೇಳಿಸಿಕೊಂಡವಳು. ನನ್ನ ಕಡೆ ತಿರುಗಿ, ನಗುತ್ತಾ, ನಾನು ಕಲಿಸಿದ ದನಿಯಲ್ಲೇ ಹೇಳಿದಳು.

"ಸನ್ಮಾನಿತರು ದಯವಿಟ್ಟು ಆಸೀನರಾಗಿರಬೇಕು."

ಸಭೆಯಲ್ಲಿ ಇನ್ನೂರು ಕಣ್ಣು ನನ್ನ ಮೇಲೆ. ಬಾಗಿಲು ಹತ್ತೇ ಹೆಜ್ಜೆ ದೂರ. ನನಗೆ ಕಾಯಿಲೆ ಇರಲಿಲ್ಲ, ಕಾಲಿನಲ್ಲಿ ಬಲ ಇತ್ತು, ತಪ್ಪಿಹೋಗುವ ರೈಲೂ ಇರಲಿಲ್ಲ. ಆದರೂ ನಾನು ಕೂತೆ.